ಹಾಳೆ ಮಾಂಸದ ಅಕ್ಕ

ಅಕ್ಕನ ಬಲಗಾಲಿನ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಇನ್ನೊಂದು ಬೆರಳು ಕೂರುವಷ್ಟು ಸಂದಿಯಿತ್ತು. ಹುಟ್ಟಿನಿಂದ ಬಂದದ್ದಲ್ಲ. ಹೆಬ್ಬಗೋಡಿಯ ಕುರಿಮಾಂಸದ ಅಂಗಡಿಯಲ್ಲಿ ಮೂವತ್ತು ವರ್ಷ ಆ ಸಂದಿಗೆ ಕತ್ತಿಯ ಹಿಡಿ ಸಿಕ್ಕಿಸಿಕೊಂಡು ಕೂತು ಆದದ್ದು. ಕತ್ತಿ ನೆಟ್ಟಗೆ ನಿಂತಿರುತ್ತಿತ್ತು. ಅಕ್ಕ ಕುರಿಯ ತೊಡೆಯ ಮಾಂಸವನ್ನು ಎರಡೂ ಕೈಯಲ್ಲಿ ಹಿಡಿದು ಅಲಗಿನ ಮೇಲೆ ಎಳೆದರೆ ಕಾಗದದಂಥ ತೆಳು ಪದರ ಬಿಚ್ಚಿಕೊಂಡು ಬೀಳುತ್ತಿತ್ತು. ಬೀದಿಗೆಲ್ಲ ಅಕ್ಕನಾಗಿದ್ದ ಅವರು ಅದನ್ನು ಹಾಳೆ ಮಾಂಸ ಎನ್ನುತ್ತಿದ್ದರು. ಅವರ ಬಾಯಲ್ಲಿ ಅದು ‘ಆಳೆ’.

ಶಿಫ್ಟಿಗೆ ಓಡುವ ಬಾಡಿಗೆ ರೂಮಿನವರಿಗೆ ಅದು ಬೇಕಿತ್ತು, ಬೇಗ ಬೇಯುತ್ತದೆ ಎಂದು. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯವರು ಫೋನಿನಲ್ಲಿ ಸ್ಟೀಕಿನ ಫೋಟೋ ತೋರಿಸಿ, ಇಂಥದ್ದೇ ತೆಳ್ಳಗೆ ಬೇಕು ಅನ್ನುತ್ತಿದ್ದರು. ಅಕ್ಕ ಕಣ್ಣು ಕಿರಿದು ಮಾಡಿ ನೋಡಿ, ಅದಕ್ಕಿಂತ ತೆಳ್ಳಗೆ ಕೊಯ್ದು ಕೊಡುತ್ತಿದ್ದರು.

ನಾನು ಮಾಂಸ ತಿನ್ನುವವಳಲ್ಲ. ದಾವಣಗೆರೆ ಕಡೆಯ ಶಿವಭಕ್ತರ ಮನೆಯಲ್ಲಿ ಬೆಳೆದವಳು. ಜೊತೆಗೆ ಕೆಲಸ ಮಾಡುತ್ತಿದ್ದವನನ್ನು ಮದುವೆಯಾಗಿ ಹೆಬ್ಬಗೋಡಿಗೆ ಬಂದಿದ್ದೆ. ಗಂಡ ಮಾಂಸವನ್ನು ಹೊರಗೇ ತಿನ್ನುತ್ತಿದ್ದರು. ಮದುವೆಗೆ ಬಾರದಿದ್ದ ಅತ್ತೆ ಎರಡನೇ ವರ್ಷ ಹಲ್ಲೆಲ್ಲ ಕೀಳಿಸಿಕೊಂಡು, ಹೊಸ ಹಲ್ಲಿನ ಸೆಟ್ಟು ಬರುವವರೆಗೆ ಇರಲು ನಮ್ಮ ಮನೆಗೆ ಬಂದರು. ಮೊದಲ ಭಾನುವಾರ ಅಕ್ಕನ ಅಂಗಡಿಯಿಂದ ಮಾಂಸ ತಂದು ನಾನೇ ಸಾರು ಮಾಡಿದೆ. ಅತ್ತೆ ಒಂದು ತುಂಡನ್ನು ಬಾಯಲ್ಲಿ ಆ ಕಡೆ ಈ ಕಡೆ ಹೊರಳಿಸಿ, ತೆಗೆದು ತಟ್ಟೆಯ ಅಂಚಿಗಿಟ್ಟು, ಮಜ್ಜಿಗೆ ಅನ್ನ ಕೇಳಿದರು.  

ಮರುದಿನ ಅಂಗಡಿಗೆ ಹೋಗಿ, ನಿಮ್ಮ ಮಾಂಸ ಬೇಯಲೇ ಇಲ್ಲ ಎಂದೆ. ಉಪ್ಪು ಖಾರ ಹೆಂಗಿತ್ತು ಎಂದು ಅಕ್ಕ ಕೇಳಿದರು. ನನಗೆ ಗೊತ್ತಿಲ್ಲ, ನಾನು ತಿನ್ನಲ್ಲ ಅಂದೆ. ಅಕ್ಕ ಕತ್ತಿ ಬದಿಗಿಟ್ಟು ನನ್ನನ್ನು ಒಂದು ಸಲ ನೋಡಿದರು.

“ತಿನ್ನದೋರು ಮಾಡಬಾರ್ದು ಅಂತೇನಿಲ್ಲ ಕಣವ್ವ. ಮಾಂಸ ಆಕೋಕೆ ಮುಂಚೆ ಮಸಾಲೆ ನಾಲ್ಗೆಗಿಟ್ಕೊಂಡು ನೋಡು. ಆಮೇಲೆ ಸದ್ದು ಕೇಳು.”

ಅಂದು ಮಧ್ಯಾಹ್ನ ಅಂಗಡಿ ಮುಚ್ಚಿ ಅವರೇ ಮನೆಗೆ ಬಂದರು. ಹಾಳೆಗಳನ್ನು ಕತ್ತಿಯ ಬೆನ್ನಿನಿಂದ ಹದವಾಗಿ ಬಡಿದು, ಮೊಸರು, ಹಸಿ ಪರಂಗಿಕಾಯಿ, ಶುಂಠಿ, ಮೆಣಸು ಸವರಿ ಇಡಿಸಿದರು. ಹೆಂಚು ಹೊಗೆಯಾಡುವವರೆಗೆ ಕಾಯಿಸಿ ಒಂದೊಂದೇ ಹಾಳೆ ಹಾಕಿಸಿದರು. ಚುಂಯ್ ಎನ್ನುವ ಸದ್ದು ಸಣ್ಣಗಾಗುತ್ತಿದ್ದಂತೆ ತಿರುಗಿಸು, ಇನ್ನೊಮ್ಮೆ ಸಣ್ಣಗಾದರೆ ಇಳಿಸು ಎಂದರು. ರುಚಿ ನೋಡಿ ತಲೆಯಾಡಿಸಿ ಹೊರಟರು, ಕಾಫಿಗೂ ನಿಲ್ಲಲಿಲ್ಲ. ಅತ್ತೆ ರಾತ್ರಿ ಊಟಕ್ಕೆ ಎರಡನೇ ಸಲ ತಟ್ಟೆ ಚಾಚಿ, ಎಲ್ಲಿ ಕಲಿತೆ ಎಂದಷ್ಟೇ ಕೇಳಿದರು. ನನ್ನ ಜೊತೆ ಅವರು ಆಡಿದ ಮೊದಲ ನೆಟ್ಟಗಿನ ಮಾತು ಅದು.

ಆಮೇಲೆ ಅಕ್ಕ ಬರುತ್ತಲೇ ಇದ್ದರು. ಹಾಳೆಯೊಳಗೆ ಕೊತ್ತಂಬರಿ, ಪುದೀನ, ಹಸಿಮೆಣಸಿನಕಾಯಿ ಅರೆದು ಸವರಿ, ಸುತ್ತಿ, ದಾರ ಕಟ್ಟಿ ಗೊಜ್ಜಿನಲ್ಲಿ ಬೇಯಿಸುವುದು ತೋರಿಸಿದರು. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆಯ ಜೊತೆ ಹಾಕುವುದು ಕಲಿಸಿದರು. ಉಳಿದದ್ದನ್ನು ಈರುಳ್ಳಿ ಜೊತೆ ಬಾಡಿಸಿ ಬ್ರೆಡ್ಡಿನ ನಡುವೆ ಇಟ್ಟರೆ ಗಂಡನ ಟಿಫಿನ್ ಆಗುತ್ತಿತ್ತು.

ಸಕ್ಕರೆ ಕಾಯಿಲೆ ಅಕ್ಕನಿಗೆ ಮೊದಲಿನಿಂದ ಇತ್ತು. ಒಂದು ವರ್ಷ ಕಾಲಿಗೆ ಆದ ಗಾಯ ಮಾಯಲಿಲ್ಲ. ಆಸ್ಪತ್ರೆಯಲ್ಲಿ ಬಲಗಾಲಿನ ಹೆಬ್ಬೆರಳು ತೆಗೆದರು. ಎರಡು ತಿಂಗಳ ಮೇಲೆ ಅಂಗಡಿ ತೆರೆದಾಗ ಅಕ್ಕ ಮೇಜಿನ ಮುಂದೆ ಸ್ಟೂಲಿನ ಮೇಲೆ ಕೂತಿದ್ದರು. ಕೈಯಲ್ಲಿ ಹಿಡಿದ ಕತ್ತಿ ಅವರ ಮಾತು ಕೇಳುತ್ತಿರಲಿಲ್ಲ. ಪದರಗಳು ಒಂದು ಕಡೆ ದಪ್ಪ, ಒಂದು ಕಡೆ ಹರಿದು ಬರುತ್ತಿದ್ದವು. ನನಗೆ ಅದೇ ಸಾಕು, ಕೊಡಿ ಅಂದೆ.

“ಇವತ್ತು ಆಳೆ ಇಲ್ಲ,” ಎಂದರು ಅಕ್ಕ. “ಸಾರಿಗೆ ತುಂಡು ಬೇಕಾದ್ರೆ ತಗೊ.”

ಹಾಗೆ ಒಂದೂವರೆ ತಿಂಗಳು ಹಾಳೆ ಕೇಳಿದವರನ್ನೆಲ್ಲ ವಾಪಸು ಕಳಿಸಿದರು. ಆ ನಡುವೆ ಮಾಂಸವನ್ನು ಫ್ರೀಜರಿನಲ್ಲಿ ಅರೆಗಟ್ಟಿ ಮಾಡಿ ತೆಳ್ಳಗೆ ಕೊಯ್ಯುವುದನ್ನು ತಾವೇ ಕಂಡುಕೊಂಡರು. ಒಂದು ಬೆಳಿಗ್ಗೆ ಹೋದಾಗ ನನ್ನನ್ನು ಏನೂ ಕೇಳದೆ ಅರ್ಧ ಕಿಲೋ ಹಾಳೆ ಕಟ್ಟಿ ಕೈಗಿಟ್ಟರು. ಅವರ ಮುಖದಲ್ಲಿ ವಿಶೇಷವೇನೂ ಕಾಣಲಿಲ್ಲ.

ಅದಾಗಿ ಮೂರು ವರ್ಷ ಬದುಕಿದ್ದರು. ಹೋದ ಶ್ರಾವಣದಲ್ಲಿ, ನಮ್ಮ ಮನೆಯಲ್ಲಿ ಮಾಂಸ ತರದ ದಿನಗಳಲ್ಲಿ, ತೀರಿಕೊಂಡರು. ತಿಂಗಳು ಮುಗಿದ ಮೇಲೆ ಅಂಗಡಿಗೆ ಹೋದರೆ ಷಟರು ಹಾಕಿತ್ತು. ಪಕ್ಕದ ಮೊಟ್ಟೆ ಅಂಗಡಿಯವನು ವಿಷಯ ಹೇಳಿದ. ನನ್ನ ಅಡುಗೆಮನೆಯಲ್ಲಿ ಅಷ್ಟು ಸಲ ನಿಂತಿದ್ದ ಹೆಂಗಸಿನ ಮನೆ ಯಾವ ಬೀದಿಯಲ್ಲಿತ್ತು ಎಂಬುದನ್ನೂ ಅವನನ್ನೇ ಕೇಳಬೇಕಾಯಿತು.