ಜಮಖಾನೆಯ ಕೆಳಗಿನ ನೆಲ

ಪುಣೆಯ ಒಂದು ಕಟ್ಟಡ ಕಂಪನಿಯಲ್ಲಿ ನನ್ನದು ಕೆಲಸಗಾರರನ್ನು ಸಂತೋಷವಾಗಿಡುವ ಕೆಲಸ. ಹುದ್ದೆಯ ಹೆಸರು ಇದಕ್ಕಿಂತ ಉದ್ದವಿದೆ, ಅರ್ಥ ಇಷ್ಟೇ. ಬಿಬವೇವಾಡಿಯ ನಮ್ಮ ಸೈಟಿನಲ್ಲಿ ಟೈಲ್ಸ್ ಹಾಕುವವರು ನಿಲ್ಲುತ್ತಲೇ ಇರಲಿಲ್ಲ. ಅರ್ಧಕ್ಕೆ ಬಿಟ್ಟು ಪಕ್ಕದ ಬಿಲ್ಡರನ ಕಡೆ ಹೋಗುತ್ತಿದ್ದರು. ಫ್ಲ್ಯಾಟು ಕೊಂಡವರು ಕೀಲಿ ಯಾವಾಗ ಎಂದು ಆಫೀಸಿಗೆ ಬಂದು ಜಗಳ ತೆಗೆಯುತ್ತಿದ್ದರು. ಏನಾದರೂ ಮಾಡು ಎಂದು ಮಾಲೀಕರು ನನ್ನನ್ನು ಸೈಟಿಗೆ ಅಟ್ಟಿದರು. ಚಹಾ, ಬಿಸ್ಕತ್ತು, ಕಂಪನಿಯ ಹೆಸರಿನ ಟೋಪಿ ಎಲ್ಲ ಹಂಚಿದೆ. ಆ ಟೋಪಿ ಹಾಕಿಕೊಂಡೇ ಇಬ್ಬರು ಬಿಟ್ಟು ಹೋದರು.

ಕೊನೆಗೆ ಟೈಲ್ಸ್ ಮೇಸ್ತ್ರಿಯನ್ನೇ ಕೇಳಿದೆ. ಆತ ವಿಜಯಪುರದ ಕಡೆಯವ, ನಾನು ಧಾರವಾಡದವ, ಹಾಗಾಗಿ ನಮ್ಮಿಬ್ಬರದು ಕನ್ನಡ.

"ಪಗಾರದ ಮಾತಲ್ರೀ ಸಾಹೇಬ್ರ. ನಾ ಹಾಕಿದ ನೆಲಾ ನಾನ ಒಮ್ಮಿನೂ ನೆಟ್ಟಗ ನೋಡಿಲ್ಲ," ಎಂದ.

ನಮ್ಮಲ್ಲಿ ಪದ್ಧತಿಯೇ ಹಾಗೆ. ಟೈಲ್ಸ್ ಹಾಕಿ ಮುಗಿದ ಕೂಡಲೇ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಪಿಓಪಿ ಎಂಬ ಬಿಳಿ ಗಾರೆ ಬಳಿದು ಮುಚ್ಚಿಬಿಡುತ್ತಾರೆ. ಪೇಂಟಿನವರು, ವೈರಿಂಗಿನವರು ತುಳಿದಾಡಿ ಗೀರು ಬೀಳಬಾರದಲ್ಲ. ಅದನ್ನು ಕಿತ್ತು ತೊಳೆಯುವುದು ಮನೆಯವರಿಗೆ ಕೀಲಿ ಕೊಡುವಾಗ. ಅಷ್ಟೊತ್ತಿಗೆ ನೆಲ ಹಾಕಿದವರು ಇನ್ನೆಲ್ಲೋ ಇರುತ್ತಾರೆ.

"ನನ್ನ ಹೇಂತಿ ಕೋಥರೂಡದಾಗ ಮಂದಿ ಮನಿ ನೆಲಾ ಒರಸ್ತಾಳ್ರಿ. ಎಲ್ಲಾರ ನೆಲಾ ನೋಡೇನಿ, ನಿಮ್ಮದೊಂದ ನೋಡಿಲ್ಲ ಅಂತ ಚಾಷ್ಟಿ ಮಾಡತಾಳ."

ನಾನು ಮಾತು ಕೊಟ್ಟೆ. ಕೆಲಸ ಮುಗಿಯುವ ತನಕ ನಿಲ್ಲು, ಕೀಲಿ ಕೊಡುವ ಮುಂಚೆ ನಿನ್ನ ಹೆಂಡತಿಗೆ ನೆಲ ತೋರಿಸುವುದು ನನ್ನ ಜವಾಬ್ದಾರಿ ಎಂದೆ. ಆತ ನಿಂತ, ತನ್ನ ಜೊತೆಯವರನ್ನೂ ನಿಲ್ಲಿಸಿದ. ಒಡೆದು ಮತ್ತೆ ಹಾಕುವ ರಗಳೆ ತಪ್ಪಿತು, ಕಟ್ಟಡ ಹೇಳಿದ ಹೊತ್ತಿಗೆ ಮುಗಿಯಿತು. ಮಾಲೀಕರು ಮೀಟಿಂಗಿನಲ್ಲಿ ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ಬೆನ್ನು ಬಗ್ಗಿಸಿದವನು ಅಲ್ಲಿರಲಿಲ್ಲ. ನೆಲ ತೋರಿಸುವುದಕ್ಕೂ ಒಪ್ಪಿ, ಒಂದು ಫೋಟೋ ತೆಗೆಸು ಎಂದರು.

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುತ್ತಾರಲ್ಲ, ಆ ಪೂಜಾರಿ ನಾನೇ. ಅವರು ಬರುವ ಹಿಂದಿನ ದಿನ ಒಂದು ಫ್ಲ್ಯಾಟಿನ ಪಿಓಪಿ ಕೀಳಿಸಿ ತೊಳೆಸಿದರೆ ಬಿಳಿಯ ನೆಲ ಥಳಥಳ ಹೊಳೆಯಿತು. ನನಗೆ ದಿಗಿಲಾಯಿತು. ಫ್ಲ್ಯಾಟಿನವರು ಬರುವ ಮುಂಚೆ ಒಂದು ಗೀರು ಬಿದ್ದರೆ ಹೋಗುವುದು ನನ್ನ ತಲೆ. ಬಾಗಿಲಿನಿಂದ ಬಾಲ್ಕನಿಯವರೆಗೆ, ಹಾಲಿನ ತುಂಬ, ಕೆಂಪು ಜಮಖಾನೆ ಹಾಸಿಸಿದೆ. ಗೌರವಕ್ಕೆ ಎಂದು ನನಗೆ ನಾನೇ ಹೇಳಿಕೊಂಡೆ.

ಗಂಡ ಹೆಂಡತಿ ಬಂದರು. ಆಕೆ ಇಳಕಲ್ ಸೀರೆ ಉಟ್ಟಿದ್ದಳು. ಚಪ್ಪಲಿಯನ್ನು ಲಿಫ್ಟಿನ ಹತ್ತಿರವೇ ಬಿಟ್ಟು, ಕೆಳಗಿನ ನಲ್ಲಿಯಲ್ಲಿ ತೊಳೆದು ಬಂದಿದ್ದ ಕಾಲನ್ನು ಮತ್ತೊಮ್ಮೆ ಒರೆಸಿಕೊಂಡು ಒಳಗೆ ಕಾಲಿಟ್ಟಳು. ಸುತ್ತ ನೋಡಿ, "ಜಮಖಾನಿ ಭಾಳ ಚಲೋ ಅದರೀ," ಎಂದಳು. ಪಾಪ, ಬೇರೇನು ಹೇಳಿಯಾಳು? ನನಗೆ ನಾಚಿಕೆಯಾಯಿತು. ಆಗಲೂ ಅದನ್ನು ತೆಗೆಸಬಹುದಿತ್ತು. ಫೋಟೋದವನನ್ನು ಕರೆದುಕೊಂಡು ಬಂದ ಮಾಲೀಕರು ಬಾಗಿಲಲ್ಲೇ ನಿಂತಿದ್ದರು, ನಾನು ತೆಗೆಸಲಿಲ್ಲ.

ಮೇಸ್ತ್ರಿ ಕುಕ್ಕರಗಾಲಲ್ಲಿ ಕುಳಿತು ಜಮಖಾನೆಯ ಒಂದು ಮೂಲೆ ಎತ್ತಿದ. ಆಕೆಯೂ ಪಕ್ಕದಲ್ಲಿ ಕುಳಿತಳು.

"ಟೈಲ್ಸಿನ ನಡುವಿನ ಸಂದ ಎಲ್ಲಿ ಅದ, ಹುಡುಕು," ಎಂದ.

ಆಕೆ ಅಂಗೈಯಿಂದ ಸವರಿದಳು. "ಕೈಗೆ ಸಿಗವಲ್ದಲ್ಲ!" ಎಂದು ನಕ್ಕು, ಜಮಖಾನೆಯನ್ನು ಇನ್ನಷ್ಟು ಎತ್ತಲು ಕೈ ಹಾಕಿದಳು.

"ಸಾಹೇಬ, ತೋ ಕೋಪರಾ ಖಾಲೀ ದಾಬಾ!" ಎಂದು ಫೋಟೋದವನು ಮರಾಠಿಯಲ್ಲಿ ನನ್ನನ್ನು ಕೂಗಿದ. ಮೂಲೆ ಎದ್ದಿದ್ದರೆ ಫೋಟೋ ಚೆನ್ನಾಗಿ ಬರುವುದಿಲ್ಲವಂತೆ, ಒತ್ತಬೇಕಂತೆ. ನಾನು ಹೋಗಿ ಬೂಟುಗಾಲಿನಿಂದ ಒತ್ತಿ ಹಿಡಿದೆ. ಆಕೆ ಸರಕ್ಕನೆ ಕೈ ಹಿಂದಕ್ಕೆ ಎಳೆದುಕೊಂಡಳು. ಇಬ್ಬರೂ ಎದ್ದು ನಿಂತರು, ಫೋಟೋ ತೆಗೆದಾಯಿತು.

ಆಮೇಲೆ ಹೊಸ ಸೈಟಿಗೆ ಕರೆದಾಗ ಮೇಸ್ತ್ರಿ, "ಬ್ಯಾರೇ ಕಡೆ ಕೆಲಸಾ ಒಪ್ಪಿಕೊಂಡೇನ್ರಿ," ಎಂದಷ್ಟೇ ಹೇಳಿದ. ನಾಲ್ಕು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಆ ಫೋಟೋ ಈಗ ಆಫೀಸಿನ ಗೋಡೆಯ ಮೇಲಿದೆ. ಹೊಸಬರು ಕೆಲಸಕ್ಕೆ ಸೇರಿದಾಗ ಅದರ ಕೆಳಗೆ ನಿಂತು ಸ್ವಾಗತ ಹೇಳುವವನು ನಾನೇ. ಗಂಡ ಹೆಂಡತಿ ಕೆಂಪು ಜಮಖಾನೆಯ ಮೇಲೆ ನೆಟ್ಟಗೆ ನಿಂತಿದ್ದಾರೆ. ಮೂಲೆಯಲ್ಲಿ ನನ್ನ ಬೂಟು ಕಾಣುತ್ತದೆ. ನೆಲ ಎಲ್ಲೂ ಕಾಣುವುದಿಲ್ಲ.