ಬಾಳೆಸುಳಿ ಬಣ್ಣದ ಕಪಾಟು

ಯಾರದೋ ಮನೆಗೆ ಬಣ್ಣ ಬಳಿಯುತ್ತಿದ್ದರೆ ನಾನು ಆ ಬೀದಿಯಲ್ಲಿ ತುಸು ನಿಧಾನವಾಗಿ ನಡೆಯುತ್ತೇನೆ. ಟರ್ಪೆಂಟೈನಿನ ವಾಸನೆ ಮೂಗಿಗೆ ಬಡಿದರೆ ಸಾಕು, ಬಾಗಲಗುಂಟೆಯ ನಮ್ಮ ಹಳೆಯ ಮನೆ, ಸೀಮೆಎಣ್ಣೆ ಸ್ಟೋವಿನ ಮಸಿ ಹಿಡಿದ ಅಡುಗೆಮನೆ, ಅಲ್ಲಿ ಸೆರಗು ಸಿಕ್ಕಿಸಿಕೊಂಡು ನಿಂತ ಅಮ್ಮ, ಎಲ್ಲವೂ ಎದುರಿಗೆ ಬಂದುಬಿಡುತ್ತವೆ. ಆ ಮನೆ ಈಗಿಲ್ಲ. ಅದರ ಜಾಗದಲ್ಲಿ ಯಾರ್ಯಾರೋ ಬಾಡಿಗೆಗಿರುವ ನಾಲ್ಕಂತಸ್ತಿನ ಕಟ್ಟಡವಿದೆ. ಅಲ್ಲಿ ಕಪಾಟಿಗೆ ಬಣ್ಣ ಹೊಡೆದ ದಿನಗಳನ್ನು ನೆನೆದಾಗ ನನಗೆ ಸಂತೋಷವಾಗುತ್ತದೋ ಸಂಕಟವಾಗುತ್ತದೋ, ಇಂದಿಗೂ ಬಗೆಹರಿದಿಲ್ಲ.

ಅಪ್ಪ ಪೀಣ್ಯದ ಒಂದು ಕಾರ್ಖಾನೆಯಲ್ಲಿ, ಯಂತ್ರಗಳಿಗೆ ಬಳಿದ ಬಣ್ಣ ಗಟ್ಟಿಯಾಗಿ ನಿಂತಿದೆಯೇ ಎಂದು ಪರೀಕ್ಷಿಸುವ ಕೆಲಸದಲ್ಲಿದ್ದರು. ಹಾಗಾಗಿ ನಮ್ಮ ಅಡುಗೆಮನೆಯ ಮರದ ಕಪಾಟಿಗೆ ಬಣ್ಣ ಆರಿಸುವುದೇ ಒಂದು ದೊಡ್ಡ ರಗಳೆಯಾಯಿತು. ವಾರ್ನಿಷ್ ಹಚ್ಚಿದರೆ ಹಬೆಗೆ ಬಿಳಿಚಿಕೊಳ್ಳುತ್ತದೆ, ಡಿಸ್ಟೆಂಪರ್ ಒರೆಸಿದರೆ ಬಟ್ಟೆಗೇ ಬರುತ್ತದೆ, ಎನಾಮಲ್ಲೇ ಆಗಬೇಕು, ಅದೂ ಯಂತ್ರದ ಬೂದುಬಣ್ಣ ಎಂಬುದು ಅವರ ತೀರ್ಮಾನ. ಅಮ್ಮ ಯಾವತ್ತೂ ಏನನ್ನೂ ಕೇಳಿದವಳಲ್ಲ. ಮದುವೆಯಾದಾಗಿನಿಂದ ಪಾತ್ರೆಯಿಂದ ಸೀರೆಯವರೆಗೆ ಎಲ್ಲವೂ ಬೇರೆಯವರು ಆರಿಸಿದ್ದೇ. ಅಂಥವಳು ಅಂದು, "ನಂಗೆ ಬಾಳೆಸುಳಿ ಬಣ್ಣ ಬೇಕು ಕಣ್ರೀ. ಇದೊಂದು ನನ್ನಿಷ್ಟದ ಹಾಗೆ ಇರ್ಲಿ," ಅಂದಳು. ಅಪ್ಪ ತಲೆ ಕೆರೆದುಕೊಂಡು ಒಪ್ಪಿದರು.

ಒಪ್ಪಿದ ಮೇಲೆ ಮೈಮುರಿದು ದುಡಿದರು. ಸೋಡಾಪುಡಿಯ ನೀರಿನಲ್ಲಿ ಜಿಡ್ಡು ತೊಳೆದು, ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿ, ಪ್ರೈಮರ್ ಬಳಿದು, ಮತ್ತೆ ಉಜ್ಜಿ, ತೆಳುವಾಗಿ ಎರಡು ಸಲ ಬಣ್ಣ ಹೊಡೆದರು. ಅದು ಒಳಗಿನಿಂದ ಗಟ್ಟಿಯಾಗಲು ಹದಿನೈದು ದಿನ ಯಾರೂ ಮುಟ್ಟಬಾರದೆಂದರು. ನಾವು ಸಾಸಿವೆ ಡಬ್ಬಿಯನ್ನು ಮಂಚದ ಕೆಳಗೆ ಹುಡುಕುತ್ತಾ ಹದಿನೈದು ದಿನ ಕಳೆದೆವು. ಅಮ್ಮ ಮಾತ್ರ ಸಾರು ಕುದಿಯುವಾಗಲೂ ಕಪಾಟಿನ ಬಾಗಿಲನ್ನೇ ನೋಡುತ್ತಿದ್ದಳು; ಬೆರಳನ್ನು ಹತ್ತಿರ ಒಯ್ದು ಹಿಂದಕ್ಕೆಳೆದುಕೊಳ್ಳುತ್ತಿದ್ದಳು.

ಹದಿನಾರನೆಯ ಬೆಳಿಗ್ಗೆ ಅಪ್ಪ ಬ್ಲೇಡು ತೆಗೆದುಕೊಂಡರು. ಸ್ಕೇಲು ಇಟ್ಟು ಬಾಗಿಲ ನಟ್ಟನಡುವೆ ಉದ್ದಕ್ಕೆ ಆರು, ಅಡ್ಡಕ್ಕೆ ಆರು ಗೀರು ಎಳೆದರು. ಅದರ ಮೇಲೆ ಟೇಪು ಒತ್ತಿ ಸರ್ರನೆ ಕಿತ್ತರು. ಕಾರ್ಖಾನೆಯಲ್ಲಿ ಹೀಗೇ ಪರೀಕ್ಷೆ ಮಾಡುತ್ತಿದ್ದರಂತೆ. "ನೋಡೇ, ಒಂದು ಚೌಕಾನೂ ಎದ್ದಿಲ್ಲ! ಪಾಸು!" ಎಂದು ಟೇಪನ್ನು ಬೆಳಕಿಗೆ ಹಿಡಿದರು.

"ಬಣ್ಣ ಪಾಸಾಯ್ತು. ನನ್ನ ಬಾಗಿಲು?" ಅಂದಳು ಅಮ್ಮ.

ಅಪ್ಪ ಪ್ರಶ್ನೆಯೇ ಅರ್ಥವಾಗದೆ ನನ್ನ ಮುಖ ನೋಡಿದರು. ನಾನು ಎಂಟು ವರ್ಷದವಳು. ಕುಣಿಯಬೇಕೋ ಅಳಬೇಕೋ ತಿಳಿಯದೆ ನಿಂತಿದ್ದೆ. ಒಳಗಡೆ, ಕಾಣದ ಜಾಗದಲ್ಲಿ ಯಾಕೆ ಗೀಚಲಿಲ್ಲವೆಂದು ಮುಂದೊಮ್ಮೆ ನಾನು ಅಪ್ಪನನ್ನು ಕೇಳಿದ್ದಕ್ಕೆ, "ಕೈ ತಾಗೋ ಕಡೇನೇ ತಾನೇ ನೋಡ್ಬೇಕು?" ಅಂದಿದ್ದರು. ಅಮ್ಮ ಮತ್ತೆ ಆ ಮಾತೆತ್ತಲಿಲ್ಲ. ನೆಂಟರು ಬಾಗಿಲು ನೋಡಿ ಕೇಳಿದರೆ, "ನಮ್ಮನೆಯವ್ರದ್ದೇ ಕೈಕೆಲಸ," ಅನ್ನುತ್ತಿದ್ದಳು. ಅದು ಹೆಮ್ಮೆಯೋ ಚುಚ್ಚುಮಾತೋ ನನಗೆ ತಿಳಿಯುತ್ತಿರಲಿಲ್ಲ.

ಎಷ್ಟೋ ವರ್ಷಗಳ ನಂತರ ಅಮ್ಮ ತೀರಿಕೊಂಡಳು. ಕರ್ಮಗಳೆಲ್ಲ ಮುಗಿದು ನೆಂಟರು ಹೊರಟ ಮಧ್ಯಾಹ್ನ, ಅಡುಗೆಮನೆಯಲ್ಲಿ ಕರಕರ ಸದ್ದು ಕೇಳಿ ಹೋದೆ. ಅಪ್ಪ ನೆಲದ ಮೇಲೆ ಕೂತು ಕಪಾಟಿನ ಬಾಗಿಲ ಆ ಗೀರುಗಳನ್ನು ಉಪ್ಪುಕಾಗದದಿಂದ ಉಜ್ಜುತ್ತಿದ್ದರು. ಅಂಗೈ ಕೆಂಪಾಗಿತ್ತು. ಪಕ್ಕದಲ್ಲಿ ಅದೇ ಬಣ್ಣದ ಹೊಸ ಡಬ್ಬಿಯಿತ್ತು.

"ಬಿಡಿ ಅಪ್ಪ," ಅಂದೆ.

"ಹೋಗ್ತಾನೇ ಇಲ್ಲ ಕಣಮ್ಮ," ಅಂದರು. "ಅಷ್ಟು ಗಟ್ಟಿಯಾಗಿ ಬಳಿದುಬಿಟ್ಟಿದ್ದೀನಿ."