ಅಕ್ಕನ ಎರಡನೇ ಹೋಳಿಗೆ

ಗೆಳೆಯರೇ, ಇವತ್ತು ನಮ್ಮ ಮನೆಯಲ್ಲಿ ವಂಶವೃಕ್ಷಕ್ಕಾಗಿ ಜಗಳವಾಯಿತು.

ಮಗಳು ಮೊಬೈಲಿನಲ್ಲಿ ತನ್ನ ಅಜ್ಜ-ಅಜ್ಜಿಯ, ಅಂದರೆ ನನ್ನ ಅಪ್ಪ-ಅವ್ವನ ಹೆಸರು ತುಂಬಿ, ಕೆಳಗೆ ನಮ್ಮ ಐವರನ್ನು ಸಾಲಾಗಿ ಕೂರಿಸಿದ್ದಳು. ಎಪ್ಪತ್ತೈದು ದಾಟಿದ ನಮ್ಮ ಹಿರಿಯಕ್ಕ ಹಾಲಮ್ಮ ಅದನ್ನು ನೋಡಿ, "ಅಪ್ಪನ ಮೊದಲ್ನೇ ಹೆಂಡತಿ ಎಲ್ಲಿ?" ಅಂದಳು.

ಅಂಥವಳೊಬ್ಬಳಿದ್ದದ್ದು ನನಗೆ ಗೊತ್ತೇ ಇರಲಿಲ್ಲ. ಹರಿಹರದ ಹುಡುಗಿಯಂತೆ, ಮದುವೆಯಾದ ವರ್ಷದೊಳಗೇ ತೀರಿಕೊಂಡಳಂತೆ. ಆಮೇಲೆ ಮದುವೆಯಾಗಿ ಬಂದ ನಮ್ಮವ್ವ, ತನ್ನ ಮೊದಲ ಮಗಳಿಗೆ ಆ ಸತ್ತವಳ ಹೆಸರನ್ನೇ ಇಟ್ಟಳಂತೆ.

ಅರವತ್ತರ ದಶಕದ ನಮ್ಮ ಪಿ.ಜೆ. ಬಡಾವಣೆಯ ಅಡುಗೆಮನೆ ಕಣ್ಮುಂದೆ ಬಂತು. ನನಗೆ "ಏ, ತಟ್ಟೆ ತಗಂಡು ಬಾರೋ" ಎನ್ನುತ್ತಿದ್ದ ಅವ್ವ, ಹತ್ತು ವರ್ಷದ ಅಕ್ಕನಿಗೆ "ಹಾಲಮ್ಮಾರೆ, ಊಟಕ್ಕೆ ಬರ್ರಿ" ಎನ್ನುತ್ತಿದ್ದಳು. ಹಬ್ಬದ ದಿನ ನಮಗೆಲ್ಲ ಒಂದೊಂದು ಹೋಳಿಗೆ, ಅಕ್ಕನಿಗೆ ಮಾತ್ರ ಎರಡು. ಯಾಕೆಂದು ಕೇಳಿದರೆ "ಸುಮ್ನೆ ಉಣ್ಣು" ಎಂದು ಗದರುತ್ತಿದ್ದಳು. ಆ ಹೊಟ್ಟೆಕಿಚ್ಚು ಇವತ್ತಿನವರೆಗೂ ಇತ್ತು.

"ಆ ಮೊದಲ್ನೇ ಅಜ್ಜಿಗೆ ಮಕ್ಕಳೇ ಇಲ್ವಲ್ಲತ್ತೆ, ಕೆಳಗೆ ಏನ್ ಬರೀಲಿ?" ಎಂದಳು ಮಗಳು.

"ಯಾಕ, ನಾನಿಲ್ಲೇನು? ನನ್ನ ಹೆಸರು ಬರಿ."

"ನೀವು ಅಜ್ಜಿ ಕೆಳಗೆ ಆಗ್ಲೇ ಇದೀರಲ್ರಿ!"

"ಅಲ್ಲೂ ಇರ್ಲಿ, ಇಲ್ಲೂ ಇರ್ಲಿ. ಎಲ್ಲೂ ತೆಗಿಬ್ಯಾಡ."

ಮಗಳು ಬರೆದಳು. ಆ ಎರಡನೇ ಹೋಳಿಗೆ ಯಾರದ್ದೆಂದು ಅರವತ್ತು ವರ್ಷದ ಮೇಲೆ ಗೊತ್ತಾಯಿತು. ಆದರೂ ತಿಂದವಳು ನಮ್ಮಕ್ಕನೇ ತಾನೆ!